ಖಾಲಿ ಇರುವ ಅಣೆಕಟ್ಟು

ಅಣೆಕಟ್ಟು ಎಂದರೆ ತುಂಬಿ ತುಳುಕುವ ಜಲಾಶಯ, ಅದಕ್ಕೊಂದು ಬಾಗಿನ. ಹಾಗೆಂದೇ ನೋಡಿ ಬೆಳೆದವರು ನಾವು. ಅಮೆರಿಕದ ಒಹಾಯೊ ರಾಜ್ಯದಲ್ಲಿ, ಡೇಟನ್ ನಗರದ ಆಸುಪಾಸಿನಲ್ಲಿ, ಐದು ಮಣ್ಣಿನ ಅಣೆಕಟ್ಟುಗಳಿವೆ. ವರ್ಷದ ಬಹುಪಾಲು ದಿನ ಅವುಗಳ ಹಿಂದೆ ಇರುವುದು ಹೊಲ, ಕಾಡು, ತಮ್ಮ ಪಾಡಿಗೆ ಹರಿಯುವ ಹೊಳೆಗಳು. ಅವನ್ನು ಕಟ್ಟಿದ್ದೇ ಖಾಲಿ ಇರಲೆಂದು.

1913ರ ಮಾರ್ಚ್ ಕೊನೆಯ ವಾರದ ಮಳೆಗೆ ಅಲ್ಲಿನ ಗ್ರೇಟ್ ಮಿಯಾಮಿ ನದಿ ಉಕ್ಕಿ ಕಣಿವೆಯಲ್ಲಿ 360ಕ್ಕೂ ಹೆಚ್ಚು ಜನ ಸತ್ತರು. ಬದುಕುಳಿದ ಎಷ್ಟೋ ಮಂದಿ ಮನೆಯ ಅಟ್ಟ ಏರಿ ಕೂತಿದ್ದವರು. ಪ್ರವಾಹದಲ್ಲಿ ಸರ್ವಸ್ವ ಕಳೆದುಕೊಂಡಿದ್ದ ಆ ಜನ, ಇಂಥ ನೆರೆ ಮತ್ತೆ ಬಾರದಂತೆ ತಡೆಯಲೆಂದು, ಕೆಲವೇ ವಾರಗಳಲ್ಲಿ 20 ಲಕ್ಷ ಡಾಲರ್ ವಂತಿಗೆ ಕೂಡಿಸಿದರು. ಅಟ್ಟದ ಮೇಲೆ ಕೂತು ಹೊತ್ತ ಹರಕೆ ಮರೆಯಬೇಡಿ ಎಂಬುದೇ ಆ ಅಭಿಯಾನದ ಕರೆಯಾಗಿತ್ತು.

ಹಾಗೆ ಹುಟ್ಟಿದ ಅಣೆಕಟ್ಟು ಯೋಜನೆಯ ಮುಖ್ಯ ಎಂಜಿನಿಯರ್ ಆರ್ಥರ್ ಮಾರ್ಗನ್. (ಸ್ವತಂತ್ರ ಭಾರತದ ಮೊದಲ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದಲ್ಲಿ ರಾಧಾಕೃಷ್ಣನ್ ಅವರ ಜೊತೆ ಸದಸ್ಯರಾಗಿದ್ದವರೂ ಇವರೇ.) 1913ರ ನೆರೆಯನ್ನೇ ಕೊನೆಯ ಮಿತಿ ಎಂದು ಅವರು ನಂಬಲಿಲ್ಲ. ಯುರೋಪಿನ ನದಿಗಳ ಹಳೆಯ ದಾಖಲೆಗಳನ್ನೂ ತೆಗೆಸಿ ನೋಡಿ, ಅದಕ್ಕಿಂತ ಶೇ 40ರಷ್ಟು ದೊಡ್ಡ ನೆರೆಗೆ ಲೆಕ್ಕ ಹಾಕಿದರು. ಅಣೆಕಟ್ಟು ಕಟ್ಟಲು ಮಣ್ಣನ್ನು ನೀರಿನಲ್ಲಿ ಕಲಸಿ ಪಂಪಿನಿಂದ ಹಾಯಿಸಿದರು. ದಪ್ಪ ಮರಳು, ಜಲ್ಲಿ ಎರಡೂ ಬದಿಗೆ ಉಳಿಯಿತು. ನುಣ್ಣನೆಯ ಜೇಡಿ ನಡುವೆ ಇಳಿದು, ನೀರು ಸೋರದ ಗೋಡೆಯಾಯಿತು. 1922ರ ಹೊತ್ತಿಗೆ ಐದೂ ಮುಗಿದವು. ಅವುಗಳಲ್ಲಿ ಎಂಗಲ್‌ವುಡ್ ಅಣೆಕಟ್ಟು ಸುಮಾರು 110 ಅಡಿ ಎತ್ತರ.

ನನಗೆ ಬಹಳ ಹಿಡಿಸಿದ್ದು ಅಲ್ಲಿ ಇಲ್ಲದ ಒಂದು ವಸ್ತು: ಎತ್ತಿ ಇಳಿಸುವ ಗೇಟು. ಅಣೆಕಟ್ಟಿನ ತಳದಲ್ಲಿ ಸದಾ ತೆರೆದೇ ಇರುವ ಕಾಂಕ್ರೀಟ್ ಕಿಂಡಿಗಳಿವೆ. ಕೆಳಗಿನ ನದಿಪಾತ್ರ ತಾಳಿಕೊಳ್ಳುವಷ್ಟೇ ನೀರು ಅವುಗಳಲ್ಲಿ ಹಾಯುತ್ತದೆ. ಮಿಕ್ಕಿದ್ದು ಹಿಂದೆ ತಡೆದು ನಿಂತು, ಮಳೆ ಕಳೆದ ಮೇಲೆ ತಾನಾಗಿ ಇಳಿದುಹೋಗುತ್ತದೆ. ನಡುರಾತ್ರಿ ಯಾವ ಅಧಿಕಾರಿಯ ಆದೇಶಕ್ಕೂ ಕಾಯಬೇಕಿಲ್ಲ. ಅಣೆಕಟ್ಟಿನ ಹಿಂದಿನ ಖಾಲಿ ಜಾಗದಲ್ಲಿ ನೀರು ತುಂಬಿಟ್ಟು ವಿದ್ಯುತ್ತು, ದೋಣಿವಿಹಾರ ಏನಾದರೂ ಮಾಡಬಾರದೇ ಎಂಬ ಆಸೆ ಸಹಜ. ಆದರೆ ತುಂಬಿದ ಜಲಾಶಯಕ್ಕೆ ನೆರೆ ಬಂದರೆ ಅದನ್ನು ಇಡಲು ಜಾಗವೆಲ್ಲಿ?

ಮಣ್ಣು ಏರಿಸುವುದಕ್ಕಿಂತ ಆ ಜಾಗವನ್ನು ಖಾಲಿ ಉಳಿಸುವುದೇ ಕಷ್ಟ ಎಂದು ನನ್ನ ನಂಬಿಕೆ. ಅಣೆಕಟ್ಟುಗಳನ್ನು ಕಟ್ಟಿದ ಮಿಯಾಮಿ ಕನ್ಸರ್ವೆನ್ಸಿ ಡಿಸ್ಟ್ರಿಕ್ಟ್ ಎಂಬ ಸಂಸ್ಥೆ ನೀರು ನಿಲ್ಲುವ ಜಮೀನುಗಳನ್ನು ಕೊಂಡು, ಅವುಗಳಲ್ಲಿ ಬಹಳಷ್ಟನ್ನು ಷರತ್ತಿನ ಮೇಲೆ ಮತ್ತೆ ಮಾರಿತು: ಉಳಬಹುದು, ಬಿತ್ತಬಹುದು, ನೆರೆ ಬಂದರೆ ತಾಳಿಕೊಳ್ಳಬೇಕು, ಮನೆ ಮಾತ್ರ ಕಟ್ಟುವಂತಿಲ್ಲ. ಹಫ್‌ಮನ್ ಅಣೆಕಟ್ಟಿನ ಹಿಂದೆ ಆಸ್ಬರ್ನ್ ಎಂಬ ಇಡೀ ಊರಿತ್ತು. ಅಲ್ಲಿನವರು ನೂರಾರು ಮನೆಗಳನ್ನು ಅಡಿಪಾಯದಿಂದ ಎಬ್ಬಿಸಿ, ಎಳೆದೊಯ್ದು, ಫೇರ್‌ಫೀಲ್ಡ್ ಊರಿನ ಪಕ್ಕ ಇಟ್ಟುಕೊಂಡರು. ಎರಡೂ ಊರು ಕೂಡಿ ಈಗ ಫೇರ್‌ಬಾರ್ನ್ ನಗರವಾಗಿದೆ.