ಬಳಸಿ ಬಿಟ್ಟ ನೀರಿನ ಒಡೆತನ

ಮನುಷ್ಯನು ತನ್ನದೆಂದು ಹೇಳಿಕೊಳ್ಳುವ ವಸ್ತುಗಳ ಪಟ್ಟಿಯು ಬಲು ಉದ್ದವಾದುದು. ಹೊಲ, ಮನೆ, ದನಕರು, ಬಂಗಾರಗಳಿರಲಿ, ಬಾವಿಯ ನೀರಿನ ಪಾಳಿಯನ್ನು ಸಹ ಅವನು ತನ್ನದೆಂದು ಸಾಧಿಸುವನು. ಅದಕ್ಕಾಗಿ ಕಚೇರಿಯ ಮೆಟ್ಟಿಲನ್ನೂ ಹತ್ತುವನು. ಆದರೆ ನಿಸ್ಸಂದೇಹವಾಗಿ ಅವನದೇ ಆದ, ಬೇರೆ ಯಾರೂ ಹಕ್ಕು ಹೇಳದ ಒಂದು ವಸ್ತುವನ್ನು ಮಾತ್ರ ಅವನು ತನ್ನದೆಂದು ಒಪ್ಪಿಕೊಳ್ಳಲಾರನು. ಅದು ಅವನ ಬಚ್ಚಲಿನಿಂದ ಹೊರಬಿದ್ದ ನೀರು. ಅವನ ಪಾಯಖಾನೆಯ ಗುಂಡಿಯಲ್ಲಿ ತುಂಬಿದ ಮಲ. ಮನೆಯ ಗೋಡೆಯನ್ನು ದಾಟಿದ ಕೂಡಲೆ ಅದು ಗಟಾರದ್ದಾಗುತ್ತದೆ, ಪುರಸಭೆಯದಾಗುತ್ತದೆ, ಕೊನೆಗೆ ಹಳ್ಳದ್ದಾಗುತ್ತದೆ. ಅದು ಅವನದಾಗಿರುವದು ನಿಜವಾಗಿ ಎಲ್ಲಿಗೆ ಮುಗಿಯುತ್ತದೆ? ಪ್ರಶ್ನೆಯು ಮೂಗು ಮುಚ್ಚಿಕೊಳ್ಳುವಂಥದು ನಿಜ. ಆದರೆ ಧರ್ಮವಿಚಾರವು ಸುಗಂಧವಿದ್ದಲ್ಲಿಯೇ ನಡೆಯಬೇಕೆಂಬ ನಿಯಮವೇನೂ ಇಲ್ಲ.

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯವರಿಗೆ ನೀರಿನ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಬಹುಕಾಲ ಮಳೆಯನ್ನೇ ನಂಬಿ ಬದುಕಿದ ನಾಡಿದು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾಗಿ ಕಾಲುವೆಗಳು ಬಂದ ಮೇಲೆ, 1980ರ ಜುಲೈಯಲ್ಲಿ ನರಗುಂದ ನವಲಗುಂದಗಳ ರೈತರು ಕರಭಾರದ ವಿರುದ್ಧ ಎದ್ದುನಿಂತರು. ಗುಂಡು ಹಾರಿತು, ಪ್ರಾಣಗಳು ಹೋದವು. ಮಹಾದಾಯಿಯ ನೀರಿಗಾಗಿ 2015ರಲ್ಲಿ ಅದೇ ನರಗುಂದದಲ್ಲಿ ಆರಂಭವಾದ ಧರಣಿಯು ವರ್ಷಗಟ್ಟಲೆ ನಡೆಯಿತು. ಬರುವ ನೀರಿಗಾಗಿ ಜನರು ಇಷ್ಟು ಕಷ್ಟಪಟ್ಟರು. ಹೋಗುವ ನೀರಿಗಾಗಿ ಧರಣಿ ಕುಳಿತವರನ್ನು ಮಾತ್ರ ಯಾವ ಸೀಮೆಯಲ್ಲಿಯೂ ಹುಡುಕಬೇಕಾದೀತು. ಅದು ಈ ಜನರ ದೋಷವಲ್ಲ, ಲೋಕದ ರೂಢಿ.

ಊರಿಗೆ ಬಂದ ನೀರಿನ 100ಕ್ಕೆ ಸುಮಾರು 80 ಪಾಲು ಕೊಳೆಯಾಗಿ ಹೊರಬೀಳುವದೆಂದು ಇಂಜಿನಿಯರರ ಲೆಕ್ಕವಿದೆ. ಮೂವತ್ತು ಸಾವಿರ ಜನರ ಪಟ್ಟಣಕ್ಕೆ ತಲೆಗೆ 100 ಲೀಟರಿನಂತೆ ನೀರು ಬಂದರೆ, ದಿನವೊಂದಕ್ಕೆ 24 ಲಕ್ಷ ಲೀಟರು ಎಲ್ಲಿಗೋ ಹೋಗಲೇಬೇಕು. ಹಿಂದೆ ನೀರನ್ನು ಹೊತ್ತು ತರುವ ಕಾಲದಲ್ಲಿ ಬಚ್ಚಲಿನ ಬಾಯಿಗೆ ನಾಲ್ಕು ಬಾಳೆಯ ಗಿಡಗಳಿದ್ದರೆ ಅವೇ ಅದನ್ನು ಕುಡಿದು ಮುಗಿಸುತ್ತಿದ್ದವು. ನಳ ಬಂತು, ಬಾಳೆ ಸೋತಿತು. ಮೇಲಾಗಿ ಎರೆಮಣ್ಣು ಒಂದು ಸಲ ನೀರುಂಡು ಉಬ್ಬಿತೆಂದರೆ ಮತ್ತೆ ನೀರನ್ನು ಬೇಗನೆ ಇಂಗಗೊಡದು. ಇಂಗುಗುಂಡಿಯು ಅಲ್ಲಿ ಹೆಸರಿಗೆ ಮಾತ್ರ ಇಂಗುಗುಂಡಿ. ಆದುದರಿಂದ ನೀರು ಇಳಿಜಾರನ್ನು ಹುಡುಕಿ ಹಳ್ಳಕ್ಕೆ ಹೋಗುತ್ತದೆ. ಆ ಹಳ್ಳಗಳಾದರೂ ಬರಿದಾಗಿ ಬಂದವುಗಳಲ್ಲ. ಹುಬ್ಬಳ್ಳಿಯ ಕೊಳೆಯು ನಾಲೆಗಳ ಮೂಲಕ ಬೆಣ್ಣಿಹಳ್ಳವನ್ನು ಸೇರುತ್ತ ಬಂದಿದೆ. ಬೆಣ್ಣಿಹಳ್ಳವು ರೋಣದ ಸೀಮೆಯಲ್ಲಿ ಮಲಪ್ರಭೆಯನ್ನು ಕೂಡುತ್ತದೆ. ಹೀಗೆ ಪ್ರತಿಯೊಂದು ಊರೂ ಒಂದಕ್ಕೆ ಮೇಲಿನದು, ಇನ್ನೊಂದಕ್ಕೆ ಕೆಳಗಿನದು. ಮೇಲಿನವರನ್ನು ಬೈಯುವಾಗ ಕೆಳಗಿನವರ ನೆನಪಾಗುವದು ಕಡಿಮೆ.

ಇನ್ನು ಒಡೆತನದ ಮಾತು. ಧರ್ಮಶಾಸ್ತ್ರಕಾರರು ದಾನದ ಲಕ್ಷಣದಲ್ಲಿ ಎರಡು ಅಂಗಗಳನ್ನು ಹೇಳುವರು: ಕೊಡುವವನ ಸ್ವತ್ವವು ನಿವೃತ್ತವಾಗಬೇಕು, ಪಡೆಯುವವನ ಸ್ವತ್ವವು ಉಂಟಾಗಬೇಕು. ಪಡೆಯುವವನು ಒಪ್ಪಿ ಕೈಚಾಚದೆ ದಾನವು ಪೂರ್ಣವಾಗದು. ಒಡೆತನವೆಂಬುದು ಲೌಕಿಕವಾದದ್ದು, ಲೋಕವ್ಯವಹಾರದಿಂದಲೇ ತಿಳಿಯತಕ್ಕದ್ದು ಎಂದು ಮಿತಾಕ್ಷರೆಯಲ್ಲಿ ವಾದಿಸಿದವನು ಕಲ್ಯಾಣದ ವಿಜ್ಞಾನೇಶ್ವರನು. ಆ ನ್ಯಾಯವನ್ನು ಇಲ್ಲಿ ಹಚ್ಚಿ ನೋಡಿದರೆ ತೊಡಕು ಕಾಣುತ್ತದೆ. ಗೃಹಸ್ಥನು ಮಲವನ್ನು ಬಿಟ್ಟನು, ಸರಿ. ಅದನ್ನು ಒಪ್ಪಿಕೊಂಡವರು ಯಾರು? ಹಳ್ಳವು ಒಪ್ಪಲಿಲ್ಲ, ಕೆಳಗಿನ ಊರು ಒಪ್ಪಲಿಲ್ಲ. ಒಪ್ಪುವವರಿಲ್ಲದ ತ್ಯಾಗವು ತ್ಯಾಗವೇ ಅಲ್ಲ. ಅದು ಕಣ್ಣಿಗೆ ಕಾಣದ ಕಡೆಗೆ ಇಟ್ಟ ತನ್ನದೇ ಗಂಟು.

ಇದಕ್ಕೆ ಗೃಹಸ್ಥನು ಕೊಡುವ ಉತ್ತರವು ಸಿದ್ಧವಾಗಿಯೇ ಇದೆ: ಕರವನ್ನು ಕೊಟ್ಟಿದ್ದೇನೆ, ಮುಂದಿನದು ಪುರಸಭೆಯ ಕೆಲಸ. ಉತ್ತರದಲ್ಲಿ ಅರ್ಧ ಸತ್ಯವಿದೆ. ಕರದಿಂದ ಕೆಲಸದ ಕೈಗಳನ್ನು ಕೊಳ್ಳಬಹುದು; ಹೊಣೆಯನ್ನು ಮಾರಲಾಗದು. ಹೊಲದ ಹಾಳುಬಾವಿಗೆ ಕಟ್ಟೆ ಕಟ್ಟಲು ಕೂಲಿ ಕೊಟ್ಟವನು, ಕಟ್ಟೆ ಬಿತ್ತೆಂದು ತಿಳಿದೂ ಸುಮ್ಮನಿದ್ದರೆ, ಬಿದ್ದ ಕರುವಿನ ಪಾಪವು ಕೂಲಿಯವನದೆನ್ನುವರೇ?

ಆ ಕೈಗಳ ಕಥೆಯನ್ನು ಬಿಟ್ಟು ಈ ವಿಚಾರವನ್ನು ಮುಂದುವರಿಸುವದು ಅಪ್ರಾಮಾಣಿಕವಾದೀತು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಲ್ಲಿ ಕೈಯೂ ಬಾಯಿಯೂ ಒಬ್ಬನವೇ ಎಂಬ ಎಣಿಕೆಯಿದೆ. ಮಲದ ವಿಷಯದಲ್ಲಿ ಈ ದೇಶವು ಕೈಯನ್ನು ಒಂದು ಜಾತಿಗೆ ಕೊಟ್ಟು ಬಾಯಿಯನ್ನು ಉಳಿದವರಿಗೆ ಇಟ್ಟುಕೊಂಡಿತು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ಊರಿನ ಕಸವನ್ನೂ ಮಲವನ್ನೂ ಕಂದಕದಲ್ಲಿ ಪದರುಪದರಾಗಿ ತುಂಬಿ, ಮುಚ್ಚಿ, ಒಳಗಿನ ಕಾವಿನಿಂದಲೇ ಗೊಬ್ಬರವಾಗಿಸುವ ಪದ್ಧತಿಯನ್ನು ರೂಪಿಸಿದರು. ಅದು ಬೆಂಗಳೂರು ಪದ್ಧತಿಯೆಂದೇ ಪ್ರಸಿದ್ಧವಾಯಿತು. ವಿಜ್ಞಾನದ ದೃಷ್ಟಿಯಿಂದ ಅದು ಮೆಚ್ಚತಕ್ಕ ಕೆಲಸ: ಭೂಮಿಯಿಂದ ಬಂದ ಸಾರವು ಭೂಮಿಗೆ ಮರಳಿತು. ಆದರೆ ಕಂದಕದವರೆಗೆ ಮಲವನ್ನು ತಂದದ್ದು ಎಷ್ಟೋ ಊರುಗಳಲ್ಲಿ ಮನುಷ್ಯನ ತಲೆ. ಗೊಬ್ಬರದ ಲೆಕ್ಕದಲ್ಲಿ ಸಾರಜನಕವಿತ್ತು, ಆ ತಲೆ ಇರಲಿಲ್ಲ.

1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಈ ನಾಡಿನಲ್ಲಿ ಮಲ ಹೊರಿಸುವದನ್ನು ನಿಷೇಧಿಸಿದರು. ಕೇಂದ್ರದ ಕಾಯಿದೆಗಳು 1993ರಲ್ಲಿಯೂ 2013ರಲ್ಲಿಯೂ ಬಂದವು. ಆದರೂ ಗದಗಕ್ಕೆ ನೆರೆಯದಾದ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, 2010ರ ಜುಲೈಯಲ್ಲಿ, ಭಂಗಿ ಸಮುದಾಯದವರು ತಮ್ಮನ್ನು ಇದ್ದ ನೆಲೆಯಿಂದ ಎಬ್ಬಿಸುವದನ್ನು ವಿರೋಧಿಸಿ, ಬಹಿರಂಗವಾಗಿ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ಅಂದು ಜನರು ನೋಡಲಾರದೆ ಮುಖ ತಿರುಗಿಸಿದ್ದು ಯಾರ ಮಲದಿಂದ ಎಂಬುದನ್ನು ಯೋಚಿಸಬೇಕು. ಅದು ಊರಿನದು.

ಗುಂಡಿಯೊಳಗೆ ಇಳಿಯುವದಾದರೂ ಸಾಮಾನ್ಯ ಅಪಾಯವಲ್ಲ. ಗಾಳಿಯಿಲ್ಲದಲ್ಲಿ ಮಲವು ಕೊಳೆತಾಗ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷವಾಯುವು ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಂದು, ನಾತವಿಲ್ಲವೆಂಬ ಭ್ರಮೆಯನ್ನು ಹುಟ್ಟಿಸಿ, ಕೆಲವೇ ಉಸಿರುಗಳಲ್ಲಿ ಪ್ರಾಣವನ್ನು ಒಯ್ಯುತ್ತದೆ. ಮೊದಲು ಬಿದ್ದವನನ್ನು ಎತ್ತಲು ಇಳಿದವನೂ ಸಾಯುವದು ಇದರಿಂದಲೇ. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡತಕ್ಕದ್ದೆಂದು ಸುಪ್ರೀಂ ಕೋರ್ಟು 2014ರಲ್ಲಿ ವಿಧಿಸಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಹೀರುವ ಯಂತ್ರವುಳ್ಳ ಟ್ಯಾಂಕರು ಬಂದಮೇಲೆ ಇಳಿಯುವ ಕಾರಣವೇ ಉಳಿದಿಲ್ಲ. ಆದರೆ ಟ್ಯಾಂಕರು ಸಹ ತುಂಬಿದ್ದನ್ನು ಎಲ್ಲಿಯೋ ಸುರಿಯಬೇಕು. ಕತ್ತಲಲ್ಲಿ ಹಳ್ಳದ ದಂಡೆಯಲ್ಲಿ ಸುರಿದರೆ, ಸಾವಿರ ಮನೆಗಳ ಪಾಪವು ಒಂದು ಗಾಡಿಯಲ್ಲಿ ಸಾಗಿತೆಂಬಷ್ಟೇ ಸುಧಾರಣೆ.

ಇಲ್ಲಿ ಒಂದು ಬಲವಾದ ಆಕ್ಷೇಪಣೆಯನ್ನು ಎಣಿಸದೆ ಬಿಡಬಾರದು. ಒಪ್ಪುವವರಿಲ್ಲವೆಂಬ ಮಾತು ಪೂರ್ಣ ನಿಜವಲ್ಲ. ಹುಬ್ಬಳ್ಳಿ-ಧಾರವಾಡಗಳ ಸುತ್ತಲಿನ ರೈತರು ನಾಲೆಯ ಕೊಳೆನೀರನ್ನೆತ್ತಿ ತರಕಾರಿಯನ್ನೂ ಗಿಡಮರಗಳನ್ನೂ ಬೆಳೆಯುತ್ತ ಬಂದುದನ್ನು ವಿದ್ವಾಂಸರು ವಿವರವಾಗಿ ಪರಿಶೀಲಿಸಿದ್ದಾರೆ. ಬೇಸಗೆಯಲ್ಲಿಯೂ ಬತ್ತದ ನೀರು, ಗೊಬ್ಬರದ ಸಾರ ಕೂಡಿಯೇ ಬರುವ ನೀರು. ಬರದ ಸೀಮೆಯ ರೈತನು ಅದನ್ನು ಬೇಡವೆನ್ನುವನೇ? ಅವನು ಕೈಚಾಚಿದ್ದಾನೆ; ಗೃಹಸ್ಥನು ಬಿಡುಗಡೆ ಹೊಂದಿದನೆನ್ನಬಹುದಲ್ಲ! ಆದರೆ ಬೇರೆ ನೀರಿಲ್ಲದವನ ಒಪ್ಪಿಗೆಯು ಎಷ್ಟರ ಒಪ್ಪಿಗೆ? ಆ ನೀರಿನೊಡನೆ ಜಂತುಹುಳುವಿನ ತತ್ತಿಗಳೂ ಬರುವವು. ಬರಿಗಾಲಿನಲ್ಲಿ ನಿಂತು ಹಾಯಿಸುವವನ ಕಾಲಿನಿಂದ ಕೊಕ್ಕೆಹುಳುವು ದೇಹವನ್ನು ಹೊಗುವದು. ಸಂತೆಯಲ್ಲಿ ಸೊಪ್ಪನ್ನು ಕೊಳ್ಳುವ ಗೃಹಿಣಿಗಂತೂ ಯಾವ ವರ್ತಮಾನವೂ ಇಲ್ಲ. ಬಚ್ಚಲಿನಿಂದ ಹೊರಟದ್ದು ಸೌತೆಯ ಹೋಳಾಗಿ ಅದೇ ಮನೆಯ ಎಲೆಗೆ ಮರಳಿದರೆ, ಅದನ್ನು ಕರ್ಮಫಲವೆಂದು ನಕ್ಕು ಬಿಡಬಹುದಿತ್ತು, ಉಣ್ಣುವವರಲ್ಲಿ ಕೂಸುಗಳಿಲ್ಲದಿದ್ದರೆ.

ಆದುದರಿಂದ ಒಪ್ಪಿಗೆಯೆಂದರೆ ತಿಳಿದು ಕೊಟ್ಟ ಒಪ್ಪಿಗೆ. ಬೇಡವೆನ್ನಲು ಸ್ವತಂತ್ರನಾದವನು ಕೊಟ್ಟ ಒಪ್ಪಿಗೆ. 2018ರಲ್ಲಿ ಬೆಂಗಳೂರಿನ ಕೊಳೆನೀರನ್ನು ಎರಡು ಹಂತ ಶುದ್ಧಿಗೊಳಿಸಿ ಕೋಲಾರದ ಕೆರೆಗಳಿಗೆ ಹರಿಸತೊಡಗಿದಾಗ, ಬತ್ತಿದ ಕೆರೆಗಳು ತುಂಬಿದ್ದಕ್ಕೆ ಹರ್ಷಪಟ್ಟವರೂ ಇದ್ದರು. ಮೂರನೆಯ ಹಂತದ ಶುದ್ಧಿಯೂ ಆಗಲೇಬೇಕೆಂದು ಹಟ ಹಿಡಿದವರೂ ಇದ್ದರು. ಎಷ್ಟು ಶುದ್ಧಿ ಸಾಕೆಂಬುದನ್ನು ಹೇಳುವ ಅಧಿಕಾರವು ಕೊಡುವ ಊರಿಗಿಂತ ಪಡೆಯುವ ಊರಿಗೆ ಹೆಚ್ಚು ಸಲ್ಲಬೇಕು.

ಸಣ್ಣ ಪಟ್ಟಣಗಳಿಗೆ ಬೆಂಗಳೂರಿನ ಯಂತ್ರಗಳು ಭಾರವಾದಾವು. ಅವಕ್ಕೆ ಹೊಂದುವ ಮಾದರಿಯು ದೇವನಹಳ್ಳಿಯಲ್ಲಿದೆ. 2015ರಲ್ಲಿ ಅಲ್ಲಿ ಗುಂಡಿಗಳ ರಾಡಿಯನ್ನು ಸಂಸ್ಕರಿಸುವ ಘಟಕವು ಆರಂಭವಾಯಿತು. ಟ್ಯಾಂಕರು ತಂದ ರಾಡಿಯನ್ನು ಮೊದಲು ಮುಚ್ಚಿದ ತೊಟ್ಟಿಗಳಲ್ಲಿ ಕೊಳೆಯಗೊಟ್ಟು, ಬಳಿಕ ಹರಳು ಉಸುಕುಗಳನ್ನು ಹಾಸಿದ ಮಡಿಗಳ ಮೇಲೆ ಹರವುವರು. ನೀರು ಕೆಳಗಿಳಿದು ಬೇರೆಯಾಗಿ ಶುದ್ಧಿಗೆ ಹೋಗುವದು. ಮೇಲೆ ಉಳಿದದ್ದನ್ನು ಬಿಸಿಲು ಒಣಗಿಸುವದು. ಒಣಗಿದ ಮಾತ್ರಕ್ಕೆ ಹುಳುವಿನ ತತ್ತಿಗಳು ಸಾಯುವದಿಲ್ಲ. ಊರಿನ ಹಸಿಕಸದೊಡನೆ ಬೆರೆಸಿ ರಾಶಿ ಹಾಕಿ, ಒಳಗಿನ ಕಾವು 55 ಅಂಶಕ್ಕೆ ಮೇಲೇರಿ ಕೆಲದಿನ ನಿಂತರೆ ಸಾಯುತ್ತವೆ. ಕಾರಖಾನೆಯ ನೀರು, ಬಣ್ಣದ ನೀರುಗಳು ಮಾತ್ರ ಇದರಲ್ಲಿ ಕೂಡಬಾರದು, ಯಾಕಂದರೆ ಲೋಹದ ವಿಷವನ್ನು ಕಾವು ಸುಡಲಾರದು. ಎರೆಯ ಸೀಮೆಯಲ್ಲಿ ಬಿಸಿಲಿಗೆ ಕೊರತೆಯಿಲ್ಲ.

ಕೊರತೆಯಿರುವದು ಎರಡರದು. ಎರಡು ಮೂರು ವರ್ಷಕ್ಕೊಮ್ಮೆ ಗುಂಡಿಯನ್ನು ಬರಿದು ಮಾಡಿಸುವ ಖರ್ಚನ್ನು, ಬಾಗಿಲಿಗೆ ಕೆತ್ತನೆ ಮಾಡಿಸುವ ಗೃಹಸ್ಥನು ದಂಡವೆಂದು ತಿಳಿಯುತ್ತಾನೆ. ಗುಂಡಿ ಉಕ್ಕುವವರೆಗೆ ಕಾಯುತ್ತಾನೆ. ಬಡವನ ಮಾತು ಬೇರೆ. ಅವನ ಪಾಲನ್ನು ಊರು ಹೊರಬೇಕು. ಎರಡನೆಯದು ಜಾಗ. ಘಟಕವು ಬೇಕೆಂದು ಸಭೆಯಲ್ಲಿ ಕೈಯೆತ್ತಿದವರೆಲ್ಲ, ಅದು ತಮ್ಮ ಓಣಿಯ ಮಗ್ಗುಲಿಗೆ ಬರುವದೆಂದಾಗ ಕೈಯಿಳಿಸುವರು. ಕೊನೆಗೆ ಅದು ಎಂದೂ ಕೈಯೆತ್ತಲು ಕರೆಯದಿದ್ದವರ ಕೇರಿಯ ಮಗ್ಗುಲಿಗೆ ಹೋಗಿ ನಿಲ್ಲುವದು. ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ ಅದನ್ನೇ ಅವರ ಮನೆಯ ಮುಂದೆ ಇಟ್ಟಂತೆ ಇದು. ಜಾಗವನ್ನು ಗೊತ್ತುಮಾಡುವ ದಿನ ಆ ಕೇರಿಯವರನ್ನೂ ಸಭೆಗೆ ಕರೆದು, ಬೇಡವೆನ್ನುವ ಹಕ್ಕು ಅವರಿಗೂ ಉಂಟೆಂದು ಮೊದಲೇ ಹೇಳಿ, ಆಮೇಲೆ ನಕ್ಷೆಯನ್ನು ಬಿಚ್ಚುವ ಪುರಸಭೆಯು ಗೃಹಸ್ಥರ ಪರವಾಗಿ ಒಪ್ಪಿಗೆಯನ್ನು ಕೇಳಿದಂತಾಗುವದು.