ನೀರು ಕೇಳದ ಹೂ

ನಮ್ಮ ಮನೆಯ ಗೇಟಿನಿಂದ ಮೆಟ್ಟಿಲಿನವರೆಗೆ ಎರಡೂ ಬದಿಯಲ್ಲಿ ನಿತ್ಯಪುಷ್ಪ ಹಬ್ಬಿಕೊಂಡಿದೆ. ಕೆಲವರು ಇದನ್ನು ಕಾಶಿ ಕಣಗಿಲೆ ಎನ್ನುತ್ತಾರೆ, ಕೆಲವರು ಸದಾಪುಷ್ಪ ಎನ್ನುತ್ತಾರೆ. ಐದು ಎಸಳಿನ ಗುಲಾಬಿ ಅಥವಾ ಬಿಳಿ ಹೂ. ನಿಮ್ಮ ಬೀದಿಯಲ್ಲೂ ಯಾವುದಾದರೊಂದು ಕಾಂಪೌಂಡಿನ ಬಿರುಕಿನಲ್ಲಿ ಇದ್ದೇ ಇರುತ್ತದೆ.

ಚಿಕ್ಕಬಳ್ಳಾಪುರದಲ್ಲಿ ಮನೆ ಕಟ್ಟಿಸಿದಾಗ ನನಗೆ ಹುಲ್ಲುಹಾಸಿನ ಆಸೆಯಿತ್ತು. ಆದರೆ ನಮ್ಮ ಸೀಮೆಯ ಕಥೆ ನಿಮಗೆ ಗೊತ್ತು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ವರ್ಷದ ಬಹುಭಾಗ ಬರೀ ಮರಳು. ಸಾವಿರ ಅಡಿ ಕೊರೆದರೂ ಕೊಳವೆಬಾವಿಯಿಂದ ದೂಳು ಬಂದದ್ದನ್ನು ಕಂಡವರು ನಾವು. ಟ್ಯಾಂಕರ್ ಕಾಯುವ ಊರಿನಲ್ಲಿ ಹುಲ್ಲಿಗೆ ನೀರು ಸುರಿಯಲು ಮನಸ್ಸು ಒಪ್ಪಲಿಲ್ಲ. ಗೌರಿಬಿದನೂರಿನ ತವರುಮನೆಯ ಹಿತ್ತಲಿನಿಂದ ಒಂದು ಹಿಡಿ ನಿತ್ಯಪುಷ್ಪದ ಸಸಿ ತಂದು ಗೇಣಿಗೊಂದರಂತೆ ನೆಟ್ಟೆ. ಕುಡಿ ಚಿವುಟಿದಷ್ಟೂ ಪಕ್ಕಕ್ಕೆ ಕವಲೊಡೆಯಿತು. ಕಡ್ಡಿಯಂಥ ಕಾಯಿ ಒಣಗಿ ಸೀಳಿ, ಕಪ್ಪು ಬೀಜ ಉದುರಿ, ಮರುವರ್ಷ ತಾನೇ ಹುಟ್ಟಿತು. ಕಹಿಯೆಂದು ದನ, ಮೇಕೆ ಬಾಯಿ ಹಾಕಲಿಲ್ಲ. ಎರಡು ವರ್ಷದಲ್ಲಿ ಜಲ್ಲಿ, ಸಿಮೆಂಟಿನ ಪುಡಿಯೆಲ್ಲ ಮುಚ್ಚಿ ಅಂಗಳ ಹಸಿರಾಯಿತು.

ಪಕ್ಕದ ಮನೆಯ ಅಜ್ಜಿಗೆ ಮಾತ್ರ ಸಮಾಧಾನವಿರಲಿಲ್ಲ. "ಏನ್ ಟೀಚರಮ್ಮಾ, ಮನೆ ಮುಂದೆ ಮಸಣದ ಹೂವು ಹಾಕ್ಕೊಂಡಿದ್ದೀರಲ್ಲ!" ಎಂದರು. ಸಮಾಧಿಗಳ ಮಗ್ಗುಲಲ್ಲಿ ಯಾರೂ ನೀರೆರೆಯದಿದ್ದರೂ ಇದು ಹೂ ಬಿಡುತ್ತದೆ. ಅದೇ ಅದರ ಅಪರಾಧವಾಯಿತು. ನಾನು ನಕ್ಕು ಸುಮ್ಮನಾದೆ.

ಆಮೇಲೊಂದು ದಿನ ಅಜ್ಜಿಗೆ ಈ ಗಿಡದ ಇನ್ನೊಂದು ಕಥೆ ಹೇಳಿದೆ. ಇದರ ಮೂಲ ಮಡಗಾಸ್ಕರ್ ದ್ವೀಪ. ಸಕ್ಕರೆ ಕಾಯಿಲೆಗೆ ಮದ್ದೆಂದು ಹಲವು ದೇಶಗಳ ಜನ ಇದನ್ನು ಬಳಸುತ್ತಿದ್ದರು. ಅದನ್ನು ಪರೀಕ್ಷಿಸಲು ಹೊರಟ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಇಲಿಗಳಲ್ಲಿ ಸಕ್ಕರೆ ಇಳಿಯುವುದನ್ನು ಕಾಣಲಿಲ್ಲ, ಬಿಳಿ ರಕ್ತಕಣ ಇಳಿಯುವುದನ್ನು ಕಂಡರು. 1958ರಲ್ಲಿ ಅವರು ಪ್ರಕಟಿಸಿದ ವಸ್ತುವೇ ವಿನ್‌ಬ್ಲಾಸ್ಟಿನ್. ಅದರ ಬೆನ್ನಿಗೇ ಇದೇ ಗಿಡದಿಂದ ವಿನ್‌ಕ್ರಿಸ್ಟಿನ್ ಬಂತು. ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಇಂದಿಗೂ ಅದನ್ನು ಕೊಡುತ್ತಾರೆ. ಅಜ್ಜಿ ಗಿಡದ ಕಡೆ ತಿರುಗಿ, "ಅಯ್ಯೋ ತಾಯಿ, ಇಂಥಾದ್ದನ್ನ ಬೈದುಬಿಟ್ಟೆನಲ್ಲಾ" ಎಂದು ಕೈ ಮುಗಿದರು. ಎಲೆ ಕಿತ್ತು ಅಗಿಯಲು ಹೋದವರನ್ನು ನಾನೇ ತಡೆದೆ. ಆಸ್ಪತ್ರೆಯಲ್ಲಿ ಅಳತೆಯಿಂದ ಕೊಡುವುದು ಮದ್ದು. ಮನೆಯಲ್ಲಿ ಅಗಿದರೆ ವಿಷ.

ಆ ಸಂಜೆ ನನಗೊಂದು ಪ್ರಶ್ನೆ ಹುಟ್ಟಿತು. ನಿನ್ನೆಯ ಗಿಡವೂ ಇಂದಿನ ಗಿಡವೂ ಒಂದೇ. ಅಜ್ಜಿ ಕೈಮುಗಿದದ್ದು ಗಿಡಕ್ಕೋ, ಅದರಿಂದಾಗುವ ಉಪಯೋಗಕ್ಕೋ? ಅವರನ್ನು ಮನಸ್ಸಿನಲ್ಲೇ ಹಂಗಿಸಿದೆ. ಹಂಗಿಸುವ ಹಕ್ಕು ನನಗೂ ಇರಲಿಲ್ಲವೆಂದು ತಿಳಿದದ್ದು 2016ರ ಬರದಲ್ಲಿ.

ಆ ವರ್ಷ ಪಾತ್ರೆ ತೊಳೆದ ನೀರನ್ನೂ ಹಿಡಿದಿಟ್ಟು ಗುಲಾಬಿ ಕುಂಡಗಳಿಗೆ ಹಾಕುತ್ತಿದ್ದೆ. ಗುಲಾಬಿ ಒಂದು ದಿನ ನೀರು ತಪ್ಪಿದರೆ ತಲೆ ಬಾಗಿಸಿ ಹೇಳುತ್ತಿತ್ತು. ನಿತ್ಯಪುಷ್ಪದ ಬಗ್ಗೆ ಬಂದವರಿಗೆಲ್ಲ, "ಅದಕ್ಕೇನೂ ಬೇಡಾ, ತುಂಬಾ ಒಳ್ಳೇ ಗಿಡ" ಎನ್ನುತ್ತಿದ್ದೆ. ಒಂದು ಬೆಳಿಗ್ಗೆ ಗೇಟಿನ ಬಳಿ ನಾಲ್ಕು ಗಿಡ ಬುಡದಿಂದಲೇ ಒಣಗಿದ್ದವು. ಎಷ್ಟು ದಿನದಿಂದ ಬಾಡುತ್ತಿದ್ದವೋ, ದಿನಕ್ಕೆರಡು ಸಲ ಅವುಗಳ ಪಕ್ಕದಲ್ಲೇ ಓಡಾಡಿದ ನಾನು ನೋಡಿರಲಿಲ್ಲ.

ಒಣಗಿದ ಬೇರು ಕೈಯಲ್ಲಿದ್ದಾಗ ನನಗೆ ನೆನಪಾದವಳು ಒಬ್ಬ ಹುಡುಗಿ.

1996ರಲ್ಲಿ ನಾನು ಶಿಡ್ಲಘಟ್ಟದಲ್ಲಿ ಕೆಲಸದಲ್ಲಿದ್ದೆ. ಆಗ ನಮ್ಮದು ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಏಳನೆಯ ತರಗತಿಯ ಕೊನೆಯ ಸಾಲಿನಲ್ಲಿ ಅವಳು ಕೂರುತ್ತಿದ್ದಳು. ಗಲಾಟೆಯಿಲ್ಲ, ದೂರಿಲ್ಲ, ಹೋಂವರ್ಕ್ ತಪ್ಪಿದ್ದಿಲ್ಲ. "ಅವಳನ್ನು ನೋಡಿ ಕಲೀರಿ" ಎಂದು ಎಷ್ಟು ಸಲ ಹೇಳಿದ್ದೆನೋ! ಅವಳ ಬೆರಳುಗಳು ಬಿಳುಚಿ, ತುದಿ ಸೀಳಿದ್ದನ್ನು ನೋಡಿದ್ದೆ. ಶಿಡ್ಲಘಟ್ಟದಲ್ಲಿ ಅಂಥ ಬೆರಳಿಗೆ ಅರ್ಥ ಕೇಳಬೇಕಾಗಿಲ್ಲ. ಬಿಚ್ಚಾಣಿಕೆಯಲ್ಲಿ ಬಿಸಿನೀರಿನಲ್ಲಿ ಬೇಯುವ ರೇಷ್ಮೆಗೂಡಿನಿಂದ ಎಳೆ ಹುಡುಕುವ ಕೈಗಳು ಹಾಗಾಗುತ್ತವೆ. "ಏನಮ್ಮ ಕೈಗೆ?" ಎಂದು ಕೇಳಿದೆ. "ಏನಿಲ್ಲ ಮಿಸ್" ಎಂದಳು. ಆ "ಏನಿಲ್ಲ" ನನಗೆ ಅನುಕೂಲವಾಗಿತ್ತು, ಒಪ್ಪಿಕೊಂಡೆ. ಅದೇ ತಿಂಗಳು ತರಗತಿಯ ತುಂಟ ಹುಡುಗನೊಬ್ಬನ ಮನೆಗೆ ಮೂರು ಸಲ ಹೋಗಿದ್ದೆ. ದಸರಾ ರಜೆ ಮುಗಿದ ಮೇಲೆ ಅವಳು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಕೆಲವು ವಾರ ಗೈರುಹಾಜರಿ ಬರೆದೆ, ಆಮೇಲೆ ಹೆಸರು ಹೋಯಿತು.

ಹದಿಮೂರು ವರ್ಷದ ನಂತರ ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ ಅವಳೇ ನನ್ನನ್ನು ಗುರುತಿಸಿದಳು. ಜೊತೆಯಲ್ಲಿ ಪುಟ್ಟ ಮಗಳು. ಅಪ್ಪನ ಸಾಲ, ನಸುಕಿನ ಐದು ಗಂಟೆಯ ಕೆಲಸ ಎಲ್ಲವನ್ನೂ ಈಗ ಹೇಳಿದಳು. "ಆಗಲೇ ನನಗೆ ಯಾಕೆ ಹೇಳಲಿಲ್ಲಮ್ಮ?" ಎಂದೆ. ಬೇಸರವಿಲ್ಲದೆ ಹೇಳಿದಳು: "ನೀವು ನನ್ನ ಒಳ್ಳೇ ಹುಡುಗಿ ಅಂತಿದ್ರಿ ಮಿಸ್. ಅದಕ್ಕೇ ಹೇಳಕ್ಕಾಗಲಿಲ್ಲ."

ಮನೆಗಳಲ್ಲೂ ಇದು ನಡೆಯುತ್ತದೆ. "ನಮ್ಮ ಸೊಸೆ ಒಂದು ಮಾತಾಡಲ್ಲ", "ನಮ್ಮಮ್ಮನಿಗೆ ಏನು ಉಳಿದಿದ್ದರೂ ಆಗುತ್ತೆ" ಎನ್ನುತ್ತೇವೆ. ಹೊಗಳಿಕೆಯೆಂದೇ ಅಂದುಕೊಂಡಿರುತ್ತೇವೆ. ಹೊಗಳಿದ ಮೇಲೆ ವಿಚಾರಿಸುವ ಕೆಲಸ ಮುಗಿದ ಹಾಗೆ.

ಹಾಗಾದರೆ ಸಹನೆ ಗುಣವಲ್ಲವೇ ಎಂದು ನೀವು ಕೇಳಬಹುದು. ಗುಣವೇ. ಆದರೆ ಸಹಿಸಿದವಳು ಅದನ್ನು ಗುಣವೆನ್ನುವುದು ಬೇರೆ, ಅವಳ ಸಹನೆಯಿಂದ ಲಾಭ ಪಡೆದವರು ಗುಣವೆನ್ನುವುದು ಬೇರೆ. ಮೊದಲನೆಯದು ಅವಳ ಘನತೆ. ಎರಡನೆಯದು ನಮ್ಮ ಸಾಲ ತಪ್ಪಿಸಿಕೊಳ್ಳುವ ದಾರಿ. ಇನ್ನೊಂದು ಮಾತು. ಒಣನೆಲ ತಾಳುವುದು ನಿತ್ಯಪುಷ್ಪದ ಸ್ವಭಾವ. ಹನ್ನೆರಡು ವರ್ಷದ ಹುಡುಗಿ ಬಿಸಿನೀರು ತಾಳಿದ್ದು ಸ್ವಭಾವದಿಂದಲ್ಲ. ಅವಳನ್ನು ಈ ಹೂವಿಗೆ ಹೋಲಿಸಿದರೆ ಅದೂ ತಪ್ಪೇ ಆದೀತು. ಹೂ ನನಗೆ ತೋರಿಸಿದ್ದು ಅವಳ ಗುಣವನ್ನಲ್ಲ, ನನ್ನ ನೋಟದ ಕೊರತೆಯನ್ನು.

ಪ್ರಾಯಶ್ಚಿತ್ತವೆಂದು ಕೊಡಗಟ್ಟಲೆ ನೀರು ಸುರಿದರೆ ಈ ಗಿಡದ ಬೇರು ಕೊಳೆಯುತ್ತದೆ. ಹಾಗಾಗಿ ಬೇಸಿಗೆಯ ಸಂಜೆ ಬುಡದ ಮಣ್ಣಿಗೆ ಬೆರಳು ಹಾಕಿ ನೋಡುತ್ತೇನೆ. ಒಣಗಿದ್ದರೆ ಒಂದು ಚೊಂಬು, ಇಲ್ಲವಾದರೆ ಇಲ್ಲ. ತರಗತಿಯಲ್ಲೂ ಯಾವುದಾದರೂ ಮಗು "ಏನಿಲ್ಲ ಮಿಸ್" ಎಂದರೆ, ಮಧ್ಯಾಹ್ನದ ಊಟ ಮುಗಿದ ಮೇಲೆ ಪಕ್ಕಕ್ಕೆ ಕರೆದು ಇನ್ನೊಂದು ಸಲ ಕೇಳುತ್ತೇನೆ. ಎಷ್ಟೋ ಸಲ ನಿಜವಾಗಿಯೂ ಏನೂ ಇರುವುದಿಲ್ಲ. ಆದರೂ ಕೇಳುತ್ತೇನೆ.