ಕುಬ್ಜರ ಲೋಕದಲ್ಲಿ ಕುಬ್ಜನಾರು?

ಮನುಷ್ಯರೆಲ್ಲರೂ ಮೂರೇ ಗೇಣಿನ ಎತ್ತರದವರಾಗಿದ್ದು, ಅವರ ಮನೆಮಾರುಗಳೂ ಹೊಲಗದ್ದೆಗಳೂ ದನಕರುಗಳೂ ಅದೇ ಮಾನಕ್ಕೆ ಹೊಂದಿಕೊಂಡಿರುವ ಒಂದು ಲೋಕವನ್ನು ಕಲ್ಪಿಸಿಕೊಳ್ಳೋಣ. ಅಂಥ ಲೋಕವು ಎಲ್ಲಿಯೂ ಇಲ್ಲವೆಂಬುದು ತಿಳಿದ ಮಾತೇ. ಆದರೆ ಇಲ್ಲದ ಲೋಕವನ್ನು ಕುರಿತು ಕೇಳಿದ ಪ್ರಶ್ನೆಯು ಇರುವ ಲೋಕದ ಒಂದು ಗಂಟನ್ನು ಬಿಡಿಸುವುದುಂಟೆಂದು ಅರಿತ ತತ್ತ್ವಜ್ಞರು, ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ, ಇಂಥ ಕಲ್ಪನೆಗಳನ್ನು ವಿನೋದಕ್ಕಾಗಿಯೂ ವಿಚಾರಕ್ಕಾಗಿಯೂ ಬಳಸುತ್ತ ಬಂದಿದ್ದಾರೆ. ಆ ಲೋಕದಲ್ಲಿ ಯಾರನ್ನಾದರೂ ಕುಬ್ಜನೆಂದು ಕರೆಯಲು ಬರುವುದೆ? ನಾವೆಲ್ಲರೂ ಒಂದು ರಾತ್ರಿಯಲ್ಲಿ ಆ ಲೋಕದವರಾಗಿ ಮಾರ್ಪಟ್ಟರೆ ಬೆಳಗ್ಗೆ ಎದ್ದಾಗ ನಮಗದು ಗೊತ್ತಾದೀತೆ? ಕುಬ್ಜನ ಒಳಗಿರುವ ಆತ್ಮವು ನಮ್ಮ ಆತ್ಮಕ್ಕಿಂತ ಚಿಕ್ಕದೆ? ಮಕ್ಕಳ ಬಾಯಿಂದ ಬಂದಂತೆ ಕಾಣುವ ಈ ಮೂರು ಪ್ರಶ್ನೆಗಳ ಬೆನ್ನಿಗೆ ತತ್ತ್ವಶಾಸ್ತ್ರದ ಒಂದು ಗಹನವಾದ ವಿವೇಚನೆಯಿದೆ. ಅದು ನಿರಪೇಕ್ಷ ಗುಣ ಮತ್ತು ಸಾಪೇಕ್ಷ ಗುಣಗಳ ವಿವೇಚನೆ.

ಒಬ್ಬನು ಉಸಿರಾಡುತ್ತಿದ್ದಾನೆಂಬುದನ್ನು ತಿಳಿಯಲು ಅವನೊಬ್ಬನನ್ನೇ ನೋಡಿದರೆ ಸಾಕು; ಅವನು ಅಣ್ಣನೆಂಬುದನ್ನು ತಿಳಿಯಬೇಕಾದರೆ ತಮ್ಮನೊಬ್ಬನು ಇರಲೇಬೇಕು. ಮೊದಲನೆಯದು ಅವನಲ್ಲಿಯೇ ನೆಲೆಸಿರುವ ಧರ್ಮ. ಎರಡನೆಯದು ಇಬ್ಬರ ನಡುವೆ ಇರುವ ಸಂಬಂಧ. ಕುಬ್ಜತ್ವವು ಈ ಎರಡರಲ್ಲಿ ಯಾವ ಪಂಕ್ತಿಗೆ ಸೇರಿದ್ದು ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಮಹಾರಾಷ್ಟ್ರಕ್ಕೆ ಸೇರಿದ ನಮ್ಮ ಜತ್ತ ತಾಲ್ಲೂಕಿನ ಹಳ್ಳಿಗಳಲ್ಲಿ, ಗಡಿಯ ಆಚೆಗಿನ ವಿಜಯಪುರ ಸೀಮೆಯಲ್ಲಿರುವಂತೆಯೇ, ಬಲಿಪಾಡ್ಯದ ದಿನ ಹೆಣ್ಣುಮಕ್ಕಳು ಸಗಣಿಯಿಂದ ಪಾಂಡವರನ್ನು ಮಾಡಿ, ಚೆಂಡುಹೂವು ಸಿಕ್ಕಿಸಿ, ಮನೆಯ ಮುಂದೆ ಇಡುತ್ತಾರೆ. ಮುಷ್ಟಿಯಲ್ಲಿ ಹಿಡಿಯಬಹುದಾದಷ್ಟು ಗಾತ್ರದ ಆ ಮುದ್ದೆಯನ್ನು ಭೀಮನೆಂದು ಕೈಮುಗಿಯುವವರಿಗೆ ಅವನು ಗಿಡ್ಡನಾದನೆಂಬ ಶಂಕೆಯೇ ಹುಟ್ಟುವುದಿಲ್ಲ. ಏಕೆಂದರೆ ಅವನ ಪಕ್ಕದಲ್ಲಿ ನಿಂತ ಧರ್ಮರಾಜನೂ ಅರ್ಜುನನೂ ಅದೇ ಮಾನದವರು. ಹೋಲಿಕೆಯು ಆ ಐವರ ಒಳಗೇ ನಡೆಯುತ್ತದೆ, ಹೊರಗಿನವರನ್ನು ಮುಟ್ಟುವುದಿಲ್ಲ.

ಇದನ್ನೇ ಶಿಲೆಯಲ್ಲಿ ಕಾಣಬೇಕೆಂದರೆ ಬಾದಾಮಿಗೆ ಹೋಗಬೇಕು. ಚಾಲುಕ್ಯ ಮಂಗಲೇಶನು ಕ್ರಿ.ಶ. 578ರಲ್ಲಿ ಮಾಡಿಸಿದ ಮೂರನೆಯ ಗುಹೆಯ ಅಧಿಷ್ಠಾನದಲ್ಲಿ, ಅಂತೆಯೇ ಉಳಿದ ಶೈವ ವೈಷ್ಣವ ಗುಹೆಗಳ ಅಧಿಷ್ಠಾನಗಳಲ್ಲಿ, ಕುಬ್ಜಗಣರ ಪಂಕ್ತಿಯೇ ಹಬ್ಬಿಕೊಂಡಿದೆ. ದುಂಡುಹೊಟ್ಟೆಯ, ಮೊಟಕು ಕಾಲುಗಳ ಆ ಗಣರಲ್ಲಿ ಒಬ್ಬನು ಕುಣಿಯುವನು, ಒಬ್ಬನು ವಾದ್ಯ ಬಾರಿಸುವನು, ಇನ್ನೊಬ್ಬನು ಜೊತೆಗಾರನ ಕಡೆಗೆ ಹೊರಳಿ ನಗುವನು. ಆ ಪಟ್ಟಿಕೆಯನ್ನು ಮಾತ್ರವೇ ದಿಟ್ಟಿಸಿ ನೋಡುತ್ತಿರುವವರೆಗೆ ಅದು ಒಂದು ಪರಿಪೂರ್ಣ ಸಮಾಜ; ಕಣ್ಣೆತ್ತಿ ಮೇಲಿನ ಭವ್ಯವಾದ ತ್ರಿವಿಕ್ರಮ ಮೂರ್ತಿಯನ್ನು ಕಂಡ ಕ್ಷಣದಲ್ಲಿಯೇ ಅವರು ಕುಬ್ಜರಾಗುತ್ತಾರೆ. ಅವರಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ; ನಮ್ಮ ದೃಷ್ಟಿಯು ಅವರ ಪಕ್ಕಕ್ಕೆ ಇನ್ನೊಬ್ಬನನ್ನು ತಂದು ನಿಲ್ಲಿಸಿತು, ಅಷ್ಟೆ.

ಈ ವಿಷಯವನ್ನು ವೈಶೇಷಿಕ ದರ್ಶನದವರು ಅತ್ಯಂತ ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ಅವರ ಮತದಲ್ಲಿ ಪರಿಮಾಣವು ದ್ರವ್ಯದ ಒಂದು ಗುಣ. ಅದು ಅಣು, ಮಹತ್, ಹ್ರಸ್ವ, ದೀರ್ಘ ಎಂದು ನಾಲ್ಕು ವಿಧ. ಆದರೆ ಆ ದರ್ಶನದ ಭಾಷ್ಯಕಾರನಾದ ಪ್ರಶಸ್ತಪಾದನು ಬಾರಿಹಣ್ಣು, ನೆಲ್ಲಿಕಾಯಿ, ಬಿಲ್ವಫಲಗಳನ್ನು ಮುಂದಿಟ್ಟು ಮಾಡುವ ವಿಚಾರವೇನೆಂದರೆ, ಬಿಲ್ವದ ಮುಂದೆ ಚಿಕ್ಕದೆನಿಸುವ ನೆಲ್ಲಿಯು ಬಾರಿಹಣ್ಣಿನ ಮುಂದೆ ದೊಡ್ಡದೆನಿಸುವುದರಿಂದ, ಕಣ್ಣಿಗೆ ಕಾಣುವ ವಸ್ತುಗಳಲ್ಲಿ 'ಚಿಕ್ಕದು' ಎಂಬ ವ್ಯವಹಾರವು ಔಪಚಾರಿಕವಾದುದು. ನಿಜವಾದ ಅಣುತ್ವವು ಪರಮಾಣುವಿಗೂ ಮನಸ್ಸಿಗೂ ಎರಡು ಪರಮಾಣುಗಳು ಕೂಡಿದ ದ್ವ್ಯಣುಕಕ್ಕೂ ಮಾತ್ರ ಸಲ್ಲುತ್ತದೆ. ಕಾಣುವ ವಸ್ತುಗಳೆಲ್ಲವೂ ಮಹತ್ತೇ. ಈ ಸಿದ್ಧಾಂತವನ್ನು ಅನುಸರಿಸಿದರೆ, ಕುಬ್ಜನಿಗೆ ತನ್ನದೇ ಆದ ಒಂದು ನಿಯತ ಪರಿಮಾಣವುಂಟು, ಅದು ಮಹತ್ಪರಿಮಾಣವೇ. ಅವನಿಗೆ ನಾವು ಹಚ್ಚುವ ಚಿಕ್ಕತನವು ಮಾತ್ರ ನಮ್ಮ ಮಾತಿನ ಸೌಕರ್ಯಕ್ಕಾಗಿ ಬಂದದ್ದು.

ಅಳತೆಯ ಕೋಲನ್ನು ಹಿಡಿದರೆ ಈ ತೊಡಕು ತೀರುವುದೆಂದು ಯಾರಾದರೂ ಹೇಳಬಹುದು. ಆದರೆ ನಮ್ಮ ಹಿರಿಯರ ಅಂಗುಲ, ಗೇಣು, ಮೊಳ, ಮಾರುಗಳೆಲ್ಲವೂ ಅಳೆಯುವವನ ದೇಹದಿಂದಲೇ ಹೊರಟ ಮಾನಗಳು. ಚರಕಸಂಹಿತೆಯು ಸಮಪ್ರಮಾಣದ ಶರೀರದ ಎತ್ತರವನ್ನು 84 ಅಂಗುಲವೆಂದು ಹೇಳುವಾಗ, ಆ ಅಂಗುಲವು ಅವರವರದೇ ಆಗಿರಬೇಕೆಂಬುದು ಅಭಿಪ್ರಾಯ. ಹನ್ನೆರಡು ಅಂಗುಲಕ್ಕೆ ಒಂದು ಗೇಣೆಂದರೆ ಅದು ಏಳು ಗೇಣು. ಹೀಗಿರಲಾಗಿ, ನಮ್ಮ ಗೇಣಿನಿಂದ ಮೂರೇ ಗೇಣಾದ ಸಮಾಂಗನಾದ ಕುಬ್ಜನು ತನ್ನ ಗೇಣಿನಿಂದ ಅಳೆದುಕೊಂಡರೆ ಏಳು ಗೇಣಿನ ಪೂರ್ಣಪುರುಷನೇ ಆಗುತ್ತಾನೆ. ಅವನ ಲೋಕದ ವೈದ್ಯನು ಅವನಲ್ಲಿ ಯಾವ ನ್ಯೂನತೆಯನ್ನೂ ಕಾಣಲಾರನು. ಆದಕಾರಣ ಮೊದಲನೆಯ ಪ್ರಶ್ನೆಗೆ ಉತ್ತರವು ಸ್ಪಷ್ಟವಾಗಿದೆ: ಎಲ್ಲರೂ ಕುಬ್ಜರಾಗಿರುವ ಲೋಕದಲ್ಲಿ ಯಾರೂ ಕುಬ್ಜರಲ್ಲ.

ಈ ವಿವೇಕವನ್ನು ಮರೆತಾಗ ಬುದ್ಧಿಯು ಎಂಥ ತಪ್ಪಿಗೆ ಒಳಗಾಗುವುದೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. ಕೊಪ್ಪಳ ಜಿಲ್ಲೆಯ ಗಂಗಾವತಿಯ ಹತ್ತಿರ ಹಿರೇಬೆಣಕಲ್ಲಿನ ಗುಡ್ಡದ ಮೇಲೆ, ಕ್ರಿಸ್ತಪೂರ್ವ 800ರಿಂದ 200ರ ನಡುವಿನವೆಂದು ಎಣಿಸಲಾಗಿರುವ ಸುಮಾರು 400 ಶಿಲಾಸಮಾಧಿಗಳಿವೆ. 2021ರಲ್ಲಿ ಇವು ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ನಾಲ್ಕು ದಿಕ್ಕಿಗೆ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಹೊದಿಸಿ, ಒಂದು ಬದಿಯ ಕಲ್ಲಿನಲ್ಲಿ ದುಂಡಾದ ಕಿಂಡಿಯನ್ನು ಕೊರೆದ ಈ ಕೋಣೆಗಳನ್ನು ಸುತ್ತಲಿನ ಜನರು ಮೋರ್ಯರ ಮನೆಗಳೆಂದು ಕರೆಯುತ್ತಾರೆ. ಆ ಮೋರ್ಯರು ಬಹು ಗಿಡ್ಡರಾಗಿದ್ದರೆಂದೂ, ಆದರೂ ಇಷ್ಟು ದೊಡ್ಡ ಬಂಡೆಗಳನ್ನು ಎತ್ತಿ ನಿಲ್ಲಿಸುವ ಬಲವುಳ್ಳವರೆಂದೂ ಅವರ ಕಥೆ ಹೇಳುತ್ತದೆ.

ಈ ಕಥೆಯ ಒಳಗೆ ಒಂದು ಅನುಮಾನಪ್ರಮಾಣವು ಅಡಗಿದೆ: ಬಾಗಿಲು ಚಿಕ್ಕದು, ಆದುದರಿಂದ ಅದರಲ್ಲಿ ಓಡಾಡಿದವರು ಚಿಕ್ಕವರು. ನೈಯಾಯಿಕರು ಇಲ್ಲಿ ತಡೆದು ನಿಲ್ಲಿಸಿ, ಚಿಕ್ಕ ಬಾಗಿಲಿದ್ದಲ್ಲೆಲ್ಲ ಚಿಕ್ಕ ದೇಹವಿರುವುದೆಂಬ ವ್ಯಾಪ್ತಿಯನ್ನು ಎಲ್ಲಿ ಕಂಡಿರೆಂದು ಕೇಳುವರು. ನಮ್ಮ ಸೀಮೆಯ ಹಗೇವಿನ ಬಾಯಿಯೂ ಇಕ್ಕಟ್ಟಾದುದೇ. ಅದರಲ್ಲಿಳಿದು ಜೋಳ ತೆಗೆಯುವ ರೈತನು ಆರಡಿಯ ಆಳಾಗಿರಲು ಅಡ್ಡಿಯೇನಿದೆ? ಹೇತುವು, ಸಾಧಿಸಬೇಕಾದ ಸಾಧ್ಯವು ಇಲ್ಲದ ಕಡೆಯಲ್ಲಿಯೂ ಕಂಡುಬಂದರೆ ಅದು ಸವ್ಯಭಿಚಾರವೆಂಬ ಹೇತ್ವಾಭಾಸ. ಅದರ ಮೇಲೆ, ಈ ಕೋಣೆಗಳು ಬದುಕಿದವರ ವಾಸಕ್ಕಾಗಿ ಕಟ್ಟಿದವಲ್ಲ, ಸತ್ತವರ ಸ್ಮರಣೆಗಾಗಿ ನಿಲ್ಲಿಸಿದವು. ಅವುಗಳಲ್ಲಿ ಎತ್ತರವಾದ ಕೆಲವುಗಳೊಳಗೆ ನಮ್ಮಂಥವರೇ ನೆಟ್ಟಗೆ ನಿಲ್ಲಬಹುದು. ಕಿಂಡಿಯನ್ನು ನೋಡಿ ಕಟ್ಟಿದವನ ಮೈಯನ್ನು ಊಹಿಸಿದ ಜನರ ಕಲ್ಪನೆ ಸುಂದರವಾದದ್ದು. ಪ್ರಮಾಣದ ದೃಷ್ಟಿಯಿಂದ ಮಾತ್ರ ಅದು ನಿಲ್ಲದು.

ಹಾಗೆಂದು ಕಥೆಯ ಉತ್ತರಾರ್ಧವನ್ನು, ಎಂದರೆ ಕುಬ್ಜರ ಬಲದ ಮಾತನ್ನು, ಹಾಗೆಯೇ ಬಿಡಬೇಕಾಗಿಲ್ಲ. ನಮ್ಮ ಎರಡನೆಯ ಪ್ರಶ್ನೆಯ ಕೀಲು ಅಲ್ಲಿಯೇ ಇದೆ. ಫ್ರಾನ್ಸಿನ ಗಣಿತಜ್ಞ ಆಂರಿ ಪ್ವಾಂಕಾರೆಯು 1908ರಲ್ಲಿ ಪ್ರಕಟಿಸಿದ ವಿಜ್ಞಾನದ ವಿಧಾನವನ್ನು ಕುರಿತ ಗ್ರಂಥದಲ್ಲಿ, ಒಂದು ರಾತ್ರಿಯಲ್ಲಿ ವಿಶ್ವದ ಸಮಸ್ತವೂ ಒಂದೇ ಪ್ರಮಾಣದಲ್ಲಿ ಹಿಗ್ಗಿದರೆ, ನಮ್ಮ ದೇಹವೂ ಅಳತೆಗೋಲೂ ಜೊತೆಯಲ್ಲಿಯೇ ಹಿಗ್ಗಿರುವುದರಿಂದ, ಬೆಳಗ್ಗೆ ಯಾರಿಗೂ ಏನೂ ತಿಳಿಯಲಾರದೆಂದು ವಾದಿಸಿದನು. ಹಿಗ್ಗುವುದಕ್ಕೆ ಸಲ್ಲುವ ಮಾತು ಕುಗ್ಗುವುದಕ್ಕೂ ಸಲ್ಲಬೇಕು. ಹಾಗಾದರೆ ನಾವು ಈ ಮುಂಜಾನೆಯೇ ಕುಬ್ಜರಾಗಿ ಎದ್ದಿಲ್ಲವೆಂದು ಹೇಳುವವರಾರು?

ಇದಕ್ಕೆ ಸಮಾಧಾನವು ಪ್ವಾಂಕಾರೆಗಿಂತ ಎಷ್ಟೋ ಹಿಂದೆ, 1638ರಲ್ಲಿ, ಗೆಲಿಲಿಯೋ ಬರೆದ ಎರಡು ನೂತನ ಶಾಸ್ತ್ರಗಳ ಗ್ರಂಥದಲ್ಲಿಯೇ ಇದೆ. ದೇಹದ ಎತ್ತರವು ಅರ್ಧಕ್ಕಿಳಿದರೆ ಅದರ ಎಲುಬು ಸ್ನಾಯುಗಳ ಅಡ್ಡಕೊಯ್ತದ ವಿಸ್ತೀರ್ಣವು ಕಾಲುಭಾಗಕ್ಕೂ, ಘನಗಾತ್ರವೂ ತನ್ಮೂಲಕ ತೂಕವೂ ಎಂಟನೆಯ ಒಂದು ಭಾಗಕ್ಕೂ ಇಳಿಯುತ್ತವೆ. ಬಲವು ವಿಸ್ತೀರ್ಣವನ್ನೂ ಭಾರವು ಘನಗಾತ್ರವನ್ನೂ ಅನುಸರಿಸುವುದರಿಂದ, ಅರ್ಧ ಎತ್ತರದ ಮನುಷ್ಯನು ತನ್ನ ತೂಕಕ್ಕೆ ಹೋಲಿಸಿದರೆ ನಮಗಿಂತ ಇಮ್ಮಡಿ ಬಲಶಾಲಿ. ನೆಲದ ಆಕರ್ಷಣೆಯು ಇದ್ದಂತೆಯೇ ಇದ್ದು ದೇಹಗಳೂ ವಸ್ತುಗಳೂ ಒಂದೇ ಪ್ರಮಾಣದಲ್ಲಿ ಕುಗ್ಗಿದರೆ, ಮರುದಿನ ಬೆಳಗ್ಗೆ ಕೊಡ ಎತ್ತುವ ಹೆಂಗಸಿಗೂ ಚೀಲ ಹೊರುವ ಹಮಾಲನಿಗೂ ಲೋಕವು ಹಗುರಾದಂತೆ ತೋರುವುದು, ಅಟ್ಟದಿಂದ ಬಿದ್ದ ಕೂಸಿಗೆ ಮೊದಲಿನಷ್ಟು ಪೆಟ್ಟಾಗದು. ಆದಕಾರಣ ಕುಗ್ಗಿದ್ದೇವೆಂಬುದು ಗೊತ್ತಾಗಿಯೇ ಆಗುವುದು. ಪ್ವಾಂಕಾರೆಯ ಮಾತು ನಿಲ್ಲಬೇಕಾದರೆ ವಸ್ತುಗಳ ಜೊತೆಗೆ ಪ್ರಕೃತಿಯ ನಿಯಮಗಳೂ ಸರಿದೂಗಿ ಬದಲಾಗಬೇಕು. ಇನ್ನು ಹಿರೇಬೆಣಕಲ್ಲಿನ ಚಪ್ಪಡಿಯಂತೂ ಮೋರ್ಯರಿಗಾಗಿ ಹಗುರಾಗಿರಲಿಲ್ಲ. ಅರ್ಧ ಎತ್ತರದವರು ಅದನ್ನು ಎತ್ತಬೇಕಾದರೆ ನಮಗಿಂತ ನಾಲ್ಕುಪಟ್ಟು ಜನರು ಕೈಹಚ್ಚಬೇಕಾಗುತ್ತಿತ್ತು.

ಈ ಲೆಕ್ಕದಿಂದ ತತ್ತ್ವಕ್ಕೆ ದೊರೆಯುವ ಪಾಠವು ಮಹತ್ತ್ವದ್ದು. ಚಿಕ್ಕದು ದೊಡ್ಡದೆಂಬ ಮಾತುಗಳು ಸಾಪೇಕ್ಷವೆಂದ ಮಾತ್ರಕ್ಕೆ ಗಾತ್ರವೇ ಮಿಥ್ಯೆಯೆಂದು ಹೇಳಕೂಡದು. ಸಂಬಂಧವೂ ಸತ್ಯವೇ. ಕುಬ್ಜನು ಇತರ ಮನುಷ್ಯರಿಗೆ ಮಾತ್ರವಲ್ಲದೆ ನೆಲಕ್ಕೆ, ಕಲ್ಲಿಗೆ, ನೀರಿಗೆ ಸಂಬಂಧಿಸಿದವನು. ಆ ಸಂಬಂಧಗಳು ನಮ್ಮ ಅಭಿಪ್ರಾಯದಿಂದ ಬದಲಾಗುವಂಥವಲ್ಲ.

ಆತ್ಮವನ್ನು ಕುರಿತ ಮೂರನೆಯ ಪ್ರಶ್ನೆಯು ನಮ್ಮನ್ನು ಜತ್ತ ತಾಲ್ಲೂಕಿನ ಉಮದಿಗೇ ಕರೆತರುತ್ತದೆ. ಇಂಚಗೇರಿ ಸಂಪ್ರದಾಯದ ಉಮದಿಯ ಭಾವೂಸಾಹೇಬ ಮಹಾರಾಜರ ಶಿಷ್ಯರಾದ ಗುರುದೇವ ರಾಮಚಂದ್ರ ದತ್ತಾತ್ರೇಯ ರಾನಡೆಯವರು (1886–1957) 1926ರಲ್ಲಿ ಪ್ರಕಟಿಸಿದ ಉಪನಿಷತ್ತತ್ತ್ವದ ಬೃಹತ್ ಸಮೀಕ್ಷೆಯಲ್ಲಿ, ಆತ್ಮವು ಎಷ್ಟು ಸ್ಥಳವನ್ನು ವ್ಯಾಪಿಸುವುದೆಂಬ ಪ್ರಶ್ನೆಯ ಇತಿಹಾಸವನ್ನೇ ಪ್ರತ್ಯೇಕವಾಗಿ ಪರಿಶೀಲಿಸಿದ್ದಾರೆ. ಕಠೋಪನಿಷತ್ತು ಅಂತರಾತ್ಮನನ್ನು ಹೆಬ್ಬೆರಳಿನಷ್ಟು ಗಾತ್ರದ ಪುರುಷನೆಂದು ಹೇಳುವುದಲ್ಲದೆ, ದೇಹಮಧ್ಯದಲ್ಲಿ ಕುಳಿತ ವಾಮನನನ್ನು ದೇವತೆಗಳೆಲ್ಲರೂ ಉಪಾಸಿಸುವರೆಂದೂ ಸಾರುತ್ತದೆ. ಛಾಂದೋಗ್ಯವು ಅದೇ ಆತ್ಮನನ್ನು ಅಕ್ಕಿಯ ಕಾಳಿಗಿಂತಲೂ ಸಾಸಿವೆಗಿಂತಲೂ ಕಿರಿದೆಂದು ಹೇಳಿದ ಉಸಿರಿನಲ್ಲಿಯೇ ಪೃಥ್ವಿಗಿಂತಲೂ ಆಕಾಶಕ್ಕಿಂತಲೂ ಹಿರಿದೆನ್ನುತ್ತದೆ.

ಕನ್ನಡನಾಡಿನಲ್ಲಿ ಶತಮಾನಗಳಿಂದ ಬಾಳಿಬಂದ ಜೈನದರ್ಶನವು ಇಲ್ಲಿ ಬೇರೊಂದು ದಾರಿಯನ್ನು ಹಿಡಿಯಿತು. ಜೀವನು ಸ್ವದೇಹಪರಿಮಾಣನು, ದೀಪದ ಪ್ರಭೆಯು ಕೋಣೆಯ ವಿಸ್ತಾರಕ್ಕೆ ತಕ್ಕಂತೆ ಹರಡುವಂತೆ ಜೀವನೂ ಸಿಕ್ಕಿದ ದೇಹಕ್ಕೆ ತಕ್ಕಂತೆ ಹಿಗ್ಗುವನು, ಕುಗ್ಗುವನು ಎಂಬುದು ತತ್ತ್ವಾರ್ಥಸೂತ್ರದ ಅಭಿಮತ. ಶಂಕರಾಚಾರ್ಯರು ಇದನ್ನು ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಆಕ್ಷೇಪಿಸುತ್ತಾರೆ: ಮನುಷ್ಯನಷ್ಟಿದ್ದ ಆತ್ಮವು ಆನೆಯ ಜನ್ಮಕ್ಕೆ ಹೋದರೆ ದೇಹವನ್ನು ತುಂಬಲಾರದು, ಇರುವೆಯಂಥ ಕ್ಷುದ್ರಜಂತುವಿನ ಜನ್ಮಕ್ಕೆ ಹೋದರೆ ಅದರಲ್ಲಿ ಹಿಡಿಯಲಾರದು, ಜನ್ಮಾಂತರದ ಮಾತೇಕೆ, ಒಂದೇ ಜನ್ಮದ ಬಾಲ್ಯ ಯೌವನ ವಾರ್ಧಕ್ಯಗಳಲ್ಲಿಯೇ ಈ ದೋಷವು ತಲೆದೋರುವುದು. ಅವರ ಸಿದ್ಧಾಂತದಲ್ಲಿ ಸರ್ವವ್ಯಾಪಿಯಾದ ಆತ್ಮನಿಗೆ ಅಂಗುಷ್ಠದ ಪರಿಮಾಣವನ್ನು ಹೇಳಿರುವುದು ಮನುಷ್ಯನ ಹೃದಯವನ್ನು ಅಪೇಕ್ಷಿಸಿ ಮಾತ್ರ. ಜೈನರು ಆತ್ಮಕ್ಕೆ ದೇಹದ ಅಳತೆಯನ್ನು ಕೊಟ್ಟರೂ ಅದರ ಅನಂತ ಜ್ಞಾನಶಕ್ತಿಯನ್ನು ಆ ಅಳತೆಗೆ ಕಟ್ಟಿಹಾಕಲಿಲ್ಲ. ವೇದಾಂತಿಗಳು ಅಳತೆಯನ್ನೇ ನಿರಾಕರಿಸಿದರು. ಇಷ್ಟು ಕಾದಾಡಿದ ಈ ಎರಡು ಪಕ್ಷಗಳೂ ಒಂದು ಮಾತಿನಲ್ಲಿ ಕೂಡುತ್ತವೆ: ಗಿಡ್ಡ ದೇಹದಲ್ಲಿ ಗಿಡ್ಡ ಚೈತನ್ಯವಿದೆಯೆಂದು ಯಾರೂ ಹೇಳಲಿಲ್ಲ. ಶಂಕರರು ಬಾಲ್ಯವನ್ನು ಎತ್ತಿ ಆಡಿದ ಮಾತಿನಲ್ಲಿ ಇನ್ನೂ ಒಂದು ಸತ್ಯವನ್ನು ನಾವು ಕಂಡುಕೊಳ್ಳಬಹುದು. ನಾವೆಲ್ಲರೂ ಒಂದು ಕಾಲಕ್ಕೆ ಮೂರು ಗೇಣಿನವರಾಗಿಯೇ ಇದ್ದೆವು, ಆಗಲೂ ನಾವು ನಾವೇ ಆಗಿದ್ದೆವು.

ಈಗ ಕಲ್ಪಿತ ಲೋಕದಿಂದ ನಿಜವಾದ ಲೋಕಕ್ಕೆ ಬರೋಣ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಕುಬ್ಜತೆಯನ್ನು ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿ, ದೇಹಸ್ಥಿತಿಯ ಅಥವಾ ಆನುವಂಶಿಕ ಕಾರಣದಿಂದ ಪ್ರಾಯದಲ್ಲಿಯೂ 147 ಸೆಂಟಿಮೀಟರ್, ಎಂದರೆ 4 ಅಡಿ 10 ಇಂಚು, ಅಥವಾ ಅದಕ್ಕಿಂತ ಕಡಿಮೆ ಎತ್ತರದಲ್ಲಿ ಉಳಿದವರಿಗೆ ಅದು ಅನ್ವಯಿಸುವುದೆಂದು ಹೇಳಿದೆ. ಕುಬ್ಜರ ಲೋಕದ ಶಾಸನಸಭೆಯಲ್ಲಿ ಇಂಥ ಕಾಯಿದೆಗೆ ಅರ್ಥವೇ ಇರುತ್ತಿರಲಿಲ್ಲ. ಏಕೆಂದರೆ ಅಲ್ಲಿಯ ಬಸ್ಸಿನ ಮೆಟ್ಟಿಲು, ಬ್ಯಾಂಕಿನ ಕೌಂಟರು, ಶಾಲೆಯ ಬೆಂಚು, ಬೀದಿಯ ನಳ ಎಲ್ಲವೂ ಅವರ ಕೈಕಾಲಿಗೆ ನಿಲುಕುವಂತೆಯೇ ಇರುತ್ತಿದ್ದವು. ನಮ್ಮಲ್ಲಿ ಅದು ಬೇಕಾಗಿದೆ, ಯಾಕೆಂದರೆ ನಾವು ಲೋಕವನ್ನು ನಮ್ಮೊಬ್ಬರ ಗೇಣಿನಿಂದಲೇ ಅಳೆದು ಕಟ್ಟಿದ್ದೇವೆ.

ಕುಬ್ಜತ್ವವು ಸಂಬಂಧವೆಂದು ಒಪ್ಪಿದ ಮೇಲೆ ಅದಕ್ಕೆ ಎರಡು ತುದಿಗಳಿವೆಯೆಂಬುದನ್ನೂ ಒಪ್ಪಬೇಕು. ಒಂದು ತುದಿಯಲ್ಲಿ ದೇಹವಿದೆ; ಅದನ್ನು ಬದಲಾಯಿಸುವುದು ಆ ಮನುಷ್ಯನ ಕೈಯಲ್ಲಿಲ್ಲ. ಇನ್ನೊಂದು ತುದಿಯಲ್ಲಿ ನಾವು ಕಟ್ಟಿದ ಮೆಟ್ಟಿಲಿದೆ, ನಾವು ಆಡುವ ಮಾತಿದೆ, ನಾವು ನೋಡುವ ನೋಟವಿದೆ. ಇವುಗಳನ್ನು ಬದಲಾಯಿಸುವುದು ಸಂಪೂರ್ಣವಾಗಿ ನಮ್ಮ ಕೈಯಲ್ಲಿದೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದೆಂದು ಹೊಗಳಿ ಸುಮ್ಮನಾದರೆ ಸಾಲದು. ಹೊಗಳಿಕೆಯಿಂದ ಎತ್ತರದ ಕೌಂಟರು ಕೆಳಗಿಳಿಯುವುದಿಲ್ಲ. ನಮ್ಮ ಊರಿನಲ್ಲಿ ಇನ್ನು ಮುಂದೆ ಕಟ್ಟುವ ಶಾಲೆಗೆ, ಪಂಚಾಯತಿಗೆ, ಆಸ್ಪತ್ರೆಗೆ ಗಿಡ್ಡ ಮೈಯವರ ಕೈಗೆ ನಿಲುಕುವ ಒಂದು ಕಟ್ಟೆಯನ್ನೂ ಕಾಲಿಗೆ ಸಲ್ಲುವ ಒಂದು ಮೆಟ್ಟಿಲನ್ನೂ ಇಡಿಸುವ ಹೊಣೆಯನ್ನು ಈ ಮಾತುಗಳನ್ನು ಓದಿದವರು ಹೊರಬೇಕೆಂದು ಬೇಡುತ್ತೇನೆ.